ಕಾಯಿಲೆ ಇದೆ ಅಂತ ಹೇಳಿದ್ರೆ ಲೈಸೆನ್ಸ್ ಹೋಗುತ್ತಾ? ವಿಮಾನಪುರದಿಂದ ದಾಸನಪುರದವರೆಗೆ ಒಂದೇ ಭಯ

ಕಾಡುಗೋಡಿಯಿಂದ ಮೆಜೆಸ್ಟಿಕ್‌ಗೆ ಹೋಗುವ 335ಇ ಬಸ್ಸಿನಲ್ಲಿ ದಿನಾ ಓಡಾಡುವವರಿಗೆ ವಿಮಾನಪುರ ಅಂದ್ರೆ ಟ್ರಾಫಿಕ್ಕು, ಅಷ್ಟೇ. ಮಾರತ್ತಹಳ್ಳಿ ದಾಟಿ ಹಳೇ ಏರ್‌ಪೋರ್ಟ್ ರಸ್ತೆಗೆ ಬಿದ್ದ ಮೇಲೆ ಎಚ್‌ಎಎಲ್ ಕಾಂಪೌಂಡ್ ಪಕ್ಕದಲ್ಲಿ ಬಸ್ಸಿಗೆ ಆಮೆ ನಡಿಗೆ. ಇದೇ ಭಾಗದಲ್ಲಿ ವಾಯುಪಡೆಗೆ ಸೇರಿದ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. 1957ರಲ್ಲಿ ಶುರುವಾದ ಸಂಸ್ಥೆ. 1984ರಲ್ಲಿ ಬಾಹ್ಯಾಕಾಶಕ್ಕೆ ಹೋದ ರಾಕೇಶ್ ಶರ್ಮಾ ಅವರ ದೇಹ ಪರೀಕ್ಷೆ ನಡೆದದ್ದು ಇಲ್ಲಿ. ಗಗನಯಾನಕ್ಕೆ ಆರಿಸಿದ ನಾಲ್ವರು ವಾಯುಪಡೆ ಅಧಿಕಾರಿಗಳ ಆಯ್ಕೆ ಪರೀಕ್ಷೆಯೂ ಇಲ್ಲೇ ಆಯ್ತು.

ಆದ್ರೆ ಈ ಗೇಟಿನೊಳಗೆ ಹೋಗೋರೆಲ್ಲ ಗಗನಯಾನಿಗಳಲ್ಲ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಶುಗರ್ ಇರೋರು, ಒಮ್ಮೆ ತಲೆಸುತ್ತಿ ಬಿದ್ದವರು ಕೂಡ ಫೈಲ್ ಹಿಡಿದು ಬರ್ತಾರೆ. ಅವರಿಗೆ ಬೇಕಾಗಿರೋದು ಒಂದೇ ಉತ್ತರ: ಮತ್ತೆ ವಿಮಾನ ಹಾರಿಸಬಹುದಾ, ಇಲ್ವಾ?

ಇದು ದುಡ್ಡಿದ್ದವರ ತಲೆನೋವು, ನಮಗ್ಯಾಕೆ ಅನ್ನಿಸಬಹುದು. ಆದ್ರೆ ಪೈಲಟ್ ಎದುರಿಸುವ ಪ್ರಶ್ನೆಯನ್ನೇ ಪೀಣ್ಯದ ಲಾರಿ ಡ್ರೈವರ್, ಎಲೆಕ್ಟ್ರಾನಿಕ್ ಸಿಟಿಯ ನೈಟ್ ಶಿಫ್ಟ್ ಕ್ಯಾಬ್ ಡ್ರೈವರ್, ಸ್ಕೂಲ್ ವ್ಯಾನ್ ಓಡಿಸೋರು ಎಲ್ಲರೂ ಎದುರಿಸ್ತಾರೆ. ಕಾಯಿಲೆ ಇದೆ ಅಂತ ಬಾಯಿಬಿಟ್ರೆ ಲೈಸೆನ್ಸ್ ಹೋಗುತ್ತೆ. ಬಾಯಿಬಿಡದೆ ಹೋದ್ರೆ ಜೀವ ಹೋಗಬಹುದು, ಅದೂ ಬೇರೆಯವರದ್ದು. ಆಕಾಶದಲ್ಲಿ ಈ ಪ್ರಶ್ನೆಗೆ ದಶಕಗಳಿಂದ ಉತ್ತರ ಹುಡುಕ್ತಿದ್ದಾರೆ. ಅಲ್ಲಿ ಕಲಿತದ್ದರಲ್ಲಿ ನೆಲದ ಮೇಲೆ ಕೆಲಸಕ್ಕೆ ಬರೋದು ಬೇಕಾದಷ್ಟಿದೆ.

ಖಾಸಗಿ ಪೈಲಟ್ ಅಂದ್ರೆ ಯಾರು?

ವಿಮಾನ ಹಾರಿಸೋರೆಲ್ಲ ಏರ್‌ಲೈನ್ ಕೆಲಸದವರಲ್ಲ. ಪ್ರೈವೇಟ್ ಪೈಲಟ್ ಲೈಸೆನ್ಸ್, ಅಂದ್ರೆ ಪಿಪಿಎಲ್, ಅಂತ ಒಂದಿದೆ. ವಯಸ್ಸು 17 ಆಗಿರಬೇಕು, ಹತ್ತನೇ ಕ್ಲಾಸ್ ಪಾಸಾಗಿರಬೇಕು, ಕನಿಷ್ಠ 40 ಗಂಟೆ ಹಾರಾಟದ ಅನುಭವ ಇರಬೇಕು. ಪರೀಕ್ಷೆಗಳನ್ನೂ ಪಾಸ್ ಮಾಡಿದ್ರೆ ಡಿಜಿಸಿಎ, ಅಂದ್ರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಈ ಲೈಸೆನ್ಸ್ ಕೊಡುತ್ತೆ. ಇದನ್ನ ಇಟ್ಟುಕೊಂಡು ಬಾಡಿಗೆ ಹೊಡೆಯೋ ಹಾಗಿಲ್ಲ, ಸಂಬಳ ತಗೊಳ್ಳೋ ಹಾಗಿಲ್ಲ. ಸ್ವಂತ ಖುಷಿಗೆ ಹಾರಬಹುದು, ಸ್ನೇಹಿತರನ್ನೋ ಮನೆಯವರನ್ನೋ ಕೂರಿಸಿಕೊಂಡು ಹೋಗಬಹುದು. ರಸ್ತೆ ಭಾಷೆಯಲ್ಲಿ ಹೇಳೋದಾದ್ರೆ ಇದು ವೈಟ್ ಬೋರ್ಡ್. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಯೆಲ್ಲೋ ಬೋರ್ಡ್ ಇದ್ದ ಹಾಗೆ.

ಬೆಂಗಳೂರಿಗೆ ಈ ಹುಚ್ಚು ಹೊಸದಲ್ಲ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಮೈಸೂರು ಸಂಸ್ಥಾನದ ಕಾಲದ ಕೊನೆಯಲ್ಲಿ, 1940ರ ದಶಕದ ಅಂತ್ಯಕ್ಕೆ, ಶುರುವಾಗಿದ್ದು.

ಯೆಲ್ಲೋ ಬೋರ್ಡ್ ಪೈಲಟ್‌ಗೆ ಬೇಕಾಗಿರೋದು ಕ್ಲಾಸ್ 1 ಮೆಡಿಕಲ್. ಪಿಪಿಎಲ್‌ಗೆ ಅದಕ್ಕಿಂತ ಸ್ವಲ್ಪ ಸಡಿಲವಾದ ಕ್ಲಾಸ್ 2 ಮೆಡಿಕಲ್ ಸಾಕು. ಡಿಜಿಸಿಎ ಪಟ್ಟಿಯಲ್ಲಿರುವ ಡಾಕ್ಟರ್ ತಪಾಸಣೆ ಮಾಡ್ತಾರೆ. ಫಿಟ್ ಅಂತ ಕೊನೆಗೆ ತೀರ್ಮಾನ ಮಾಡೋದು ಮಾತ್ರ ಡಿಜಿಸಿಎ ವೈದ್ಯಕೀಯ ವಿಭಾಗ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದ್ರೆ ಐಕಾವೊ, ಹಾಕಿಕೊಟ್ಟ ಲೆಕ್ಕದಲ್ಲಿ 40 ವರ್ಷದೊಳಗಿನ ಖಾಸಗಿ ಪೈಲಟ್‌ಗೆ ಮೆಡಿಕಲ್ 60 ತಿಂಗಳು ನಡೆಯುತ್ತೆ. 40 ದಾಟಿದ್ರೆ 24 ತಿಂಗಳು. 50 ದಾಟಿದ ಮೇಲೆ ವರ್ಷಕ್ಕೊಮ್ಮೆ ಮಾಡಿಸಿದ್ರೆ ಒಳ್ಳೇದು ಅನ್ನುತ್ತೆ.

ಎರಡು ಮೆಡಿಕಲ್ ನಡುವೆ ಏನಾದ್ರೂ ಆದ್ರೆ? ನಿಯಮ ಬಹಳ ಸರಳ. ಆರೋಗ್ಯ ಕೆಟ್ಟಿದೆ ಅಂತ ಪೈಲಟ್‌ಗೆ ಗೊತ್ತಾದ ಕ್ಷಣದಿಂದ, ಜೇಬಿನಲ್ಲಿರೋ ಸರ್ಟಿಫಿಕೇಟ್‌ಗೆ ಇನ್ನೂ ಎರಡು ವರ್ಷ ಅವಧಿ ಇದ್ದರೂ, ಹಾರೋ ಹಾಗಿಲ್ಲ. ಪೂರ್ತಿ ವ್ಯವಸ್ಥೆ ನಿಂತಿರೋದು ಪೈಲಟ್‌ನ ಬಾಯಿಮಾತಿನ ಮೇಲೆ. ಎಲ್ಲಾ ತಕರಾರು ಹುಟ್ಟೋದೂ ಅಲ್ಲೇ.

ಕಿಡ್ನಿ ಸ್ಟೋನ್‌ಗೂ ರೆಡ್ ಸಿಗ್ನಲ್

ಯಾವ ಕಾಯಿಲೆ ದೊಡ್ಡದು, ಯಾವುದು ಚಿಕ್ಕದು ಅನ್ನೋ ಲೆಕ್ಕ ಕಾಕ್‌ಪಿಟ್‌ನಲ್ಲಿ ಬೇರೆ. ಕಿಡ್ನಿ ಸ್ಟೋನ್ ನಮ್ಮಲ್ಲಿ ಮನೆಗೊಬ್ಬರಿಗೆ ಇರೋ ಹಾಗಿದೆ. ಬಾಳೆದಿಂಡಿನ ಪಲ್ಯ ತಿಂದು, ನೀರು ಕುಡಿದು ಸುಮ್ಮನಾಗ್ತಾರೆ. ಆದ್ರೆ ಪೈಲಟ್‌ಗೆ ಕಲ್ಲು ಕಂಡ್ರೆ ಅದು ಹೋಗೋವರೆಗೆ ಕೂರಿಸೋದು ಸಾಮಾನ್ಯ. ಕಾರಣ, ಆ ನೋವು ಹೇಳಿಕೇಳಿ ಬರಲ್ಲ. ಬಂದಾಗ ಮನುಷ್ಯ ಎರಡಾಗಿ ಮಡಚಿಕೊಳ್ತಾನೆ. ಸ್ಕೂಟರ್ ಆದ್ರೆ ಪಕ್ಕಕ್ಕೆ ಹಾಕಬಹುದು. ವಿಮಾನ ಪಕ್ಕಕ್ಕೆ ಹಾಕೋಕೆ ಜಾಗ ಎಲ್ಲಿ?

ಇನ್ನೊಂದು ಕಡೆ, ವರ್ಷಗಟ್ಟಲೆ ಔಷಧಿ ತಗೊಳ್ಳೋ ಬಿಪಿ ಕಂಟ್ರೋಲ್‌ನಲ್ಲಿದ್ರೆ ಹಾರೋಕೆ ಅಡ್ಡಿ ಇಲ್ಲದಿರಬಹುದು. ವೈಮಾನಿಕ ವೈದ್ಯರು ಕೇಳೋದು, ಕೂತಲ್ಲೇ ದಿಢೀರ್ ಅಂತ ಕೈ ಬಿಡುವ ಸಾಧ್ಯತೆ ಎಷ್ಟು ಅಂತ. ಇದಕ್ಕೆ 1 ಪರ್ಸೆಂಟ್ ರೂಲ್ ಅಂತ ಒಂದು ಅಳತೆಗೋಲು ಇಟ್ಟುಕೊಂಡಿದ್ದಾರೆ. ಒಂದು ವರ್ಷದಲ್ಲಿ ಪೈಲಟ್ ದಿಢೀರ್ ಕುಸಿಯುವ ಸಾಧ್ಯತೆ ನೂರಕ್ಕೆ ಒಂದಕ್ಕಿಂತ ಕಡಿಮೆ ಇದ್ರೆ, ಇಬ್ಬರು ಪೈಲಟ್ ಇರೋ ವಿಮಾನಕ್ಕೆ ಅವರು ಒಪ್ಪಿಗೆ. ಒಬ್ಬರು ಬಿದ್ದರೆ ಇನ್ನೊಬ್ಬರು ಇದ್ದಾರಲ್ಲ ಅನ್ನೋ ಲೆಕ್ಕ.

ಇದೇ ಕಾರಣಕ್ಕೆ ಮೆಡಿಕಲ್‌ನಲ್ಲಿ ಬರೀ ಫಿಟ್, ಅನ್‌ಫಿಟ್ ಅಂತ ಎರಡೇ ಡಬ್ಬಿ ಇಲ್ಲ. ತಾತ್ಕಾಲಿಕ ಅನ್‌ಫಿಟ್ ಅಂತ ಇದೆ: ಚಿಕಿತ್ಸೆ ತಗೊಳ್ಳಿ, ಇಷ್ಟು ತಿಂಗಳು ಬಿಟ್ಟು ಬನ್ನಿ. ಷರತ್ತಿನ ಮೇಲೆ ಫಿಟ್ ಅಂತ ಇದೆ: ಒಬ್ಬರೇ ಹಾರಬೇಡಿ, ಪಕ್ಕದಲ್ಲಿ ಇನ್ನೊಬ್ಬ ಅರ್ಹ ಪೈಲಟ್ ಇರಲಿ. ತೀರ್ಮಾನ ಒಪ್ಪಿಗೆ ಆಗದಿದ್ರೆ ಮೇಲ್ಮನವಿಗೂ ದಾರಿ ಇದೆ. ವಿಮಾನಪುರಕ್ಕೆ ಬರೋದು ಇಂಥ ತೊಡಕಿನ ಕೇಸುಗಳೇ.

ಮೇಲೆ ಹೋದಾಗ ದೇಹದ ಸ್ಥಿತಿಯೂ ಬದಲಾಗುತ್ತೆ. ಹತ್ತು ಸಾವಿರ ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 70 ಪರ್ಸೆಂಟ್ ಮಾತ್ರ. ಬಲವಾದ ಹೃದಯಕ್ಕೆ ಅದು ಗೊತ್ತೂ ಆಗಲ್ಲ. ರಕ್ತನಾಳ ಕಟ್ಟಿದ ಹೃದಯಕ್ಕೆ, ಕೆಟ್ಟ ಶ್ವಾಸಕೋಶಕ್ಕೆ ಅದೇ ಭಾರ. ನೆಗಡಿ ಮಾತ್ರೆಯ ಮಂಪರು ಕೂಡ ಅಲ್ಲಿ ಜಾಸ್ತಿ ಕಾಡುತ್ತೆ.

ಮುಚ್ಚಿಟ್ಟವರ ಕಥೆ: ಕೂಪರ್ ಪ್ರಕರಣ

ಕಾಯಿಲೆ ಮುಚ್ಚಿಟ್ಟು ಹಾರಿದ್ರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋದ ಒಂದು ಪ್ರಕರಣ ಇದೆ. ಕೂಪರ್ ಅನ್ನೋ ಖಾಸಗಿ ಪೈಲಟ್ 1964ರಿಂದ ಹಾರ್ತಾ ಇದ್ದವರು. 1985ರಲ್ಲಿ ಅವರಿಗೆ ಎಚ್‌ಐವಿ ಇರೋದು ಗೊತ್ತಾಯ್ತು. ಆಗಿನ ನಿಯಮದಲ್ಲಿ ಮೆಡಿಕಲ್ ಸಿಗಲ್ಲ ಅಂತ ಗೊತ್ತಿದ್ದರಿಂದ ರಿನ್ಯೂವಲ್ ಮಾಡಿಸದೆ ಬಿಟ್ಟರು. 1994ರಲ್ಲಿ ಆಸೆ ತಡೆಯಲಾಗದೆ ಮತ್ತೆ ಅರ್ಜಿ ಹಾಕಿದ್ರು. ಫಾರ್ಮ್‌ನಲ್ಲಿ ಎಚ್‌ಐವಿ ವಿಷಯ ಬರೆಯಲಿಲ್ಲ.

ಮರುವರ್ಷ ಆರೋಗ್ಯ ಕೆಟ್ಟಿತು. ಸರ್ಕಾರದಿಂದ ಅಂಗವೈಕಲ್ಯ ಭತ್ಯೆ ಕೇಳಿ ಇನ್ನೊಂದು ಇಲಾಖೆಗೆ ಅರ್ಜಿ ಹಾಕಿದ್ರು. ಅಲ್ಲಿ ಕಾಯಿಲೆ ವಿಷಯ ಬರೆದ್ರು, ಬರೆಯದಿದ್ರೆ ಭತ್ಯೆ ಸಿಗಲ್ಲವಲ್ಲ. ಆಮೇಲೆ 1998, 2000, 2002, 2004, ಹೀಗೆ ಪ್ರತಿ ಸಲ ಪೈಲಟ್ ಫಾರ್ಮ್‌ನಲ್ಲಿ ಮುಚ್ಚಿಟ್ಟೇ ರಿನ್ಯೂ ಮಾಡಿಸಿದ್ರು. ಅಷ್ಟರಲ್ಲಿ ಎರಡೂ ಇಲಾಖೆಗಳು ಪೈಲಟ್‌ಗಳ ದಾಖಲೆ ತಾಳೆ ನೋಡೋಕೆ ಶುರುಮಾಡಿದ್ವು. 2005ರಲ್ಲಿ ಸಿಕ್ಕಿಬಿದ್ದರು. ಲೈಸೆನ್ಸ್ ರದ್ದಾಯ್ತು, ತಪ್ಪೊಪ್ಪಿಕೊಂಡರು, ಎರಡು ವರ್ಷ ಪ್ರೊಬೇಷನ್, ಸಾವಿರ ಡಾಲರ್ ದಂಡ. ತನ್ನ ಆರೋಗ್ಯದ ಗುಟ್ಟನ್ನ ಇಲಾಖೆಗಳು ಹಂಚಿಕೊಂಡು ಮಾನಸಿಕ ನೋವು ಕೊಟ್ಟವು ಅಂತ ಅವರು ಹೂಡಿದ ದಾವೆಯನ್ನ 2012ರಲ್ಲಿ ಸುಪ್ರೀಂ ಕೋರ್ಟ್ 5–3ರ ಬಹುಮತದಲ್ಲಿ ಒಪ್ಪಲಿಲ್ಲ.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಶಿಕ್ಷೆಯಾದ ಮೇಲೆ ಕೂಪರ್ ಮತ್ತೆ ಅರ್ಜಿ ಹಾಕಿದ್ರು, ಈ ಸಲ ಎಚ್‌ಐವಿ ಮತ್ತು ಅದರ ಚಿಕಿತ್ಸೆಯ ದಾಖಲೆಗಳ ಸಮೇತ. ದಾಖಲೆ ನೋಡಿದ ಅಧಿಕಾರಿಗಳು ಲೈಸೆನ್ಸ್, ಮೆಡಿಕಲ್ ಎರಡನ್ನೂ ವಾಪಸ್ ಕೊಟ್ಟರು. ಅಷ್ಟು ವರ್ಷ ಯಾವ ಕಾಯಿಲೆಯನ್ನ ಮುಚ್ಚಿಟ್ಟಿದ್ರೋ, ಅದೇ ಕಾಯಿಲೆ ಇಟ್ಟುಕೊಂಡು ರಾಜಾರೋಷವಾಗಿ ಹಾರೋಕೆ ಕೊನೆಗೆ ಅನುಮತಿ ಸಿಕ್ಕಿತು. ಔಷಧಿ ಸುಧಾರಿಸಿತ್ತು, ನಿಯಮವೂ ಬದಲಾಗಿತ್ತು. ಅವರ ಭಯ ಮಾತ್ರ ಹಳೇದೇ ಆಗಿತ್ತು.

ಇದು ಒಬ್ಬರ ಕಥೆ ಅಂತ ಬಿಡೋ ಹಾಗಿಲ್ಲ. 2023ರಲ್ಲಿ ಅಮೆರಿಕದಲ್ಲಿ ಇನ್ನೊಂದು ತಾಳೆ ನಡೆಯಿತು. ಮಾಜಿ ಸೈನಿಕರಾಗಿ ಅಂಗವೈಕಲ್ಯ ಭತ್ಯೆ ತಗೊಳ್ತಿದ್ದು, ಪೈಲಟ್ ಮೆಡಿಕಲ್‌ನಲ್ಲಿ ಆ ಕಾಯಿಲೆ ಹೇಳದವರು ಅನ್ನೋ ಅನುಮಾನದ ಪಟ್ಟಿಯಲ್ಲಿ ಸುಮಾರು 4,800 ಜನ ಇದ್ದರು. ಆ ವರ್ಷದ ಆಗಸ್ಟ್ ಹೊತ್ತಿಗೆ ಸುಮಾರು ಅರ್ಧ ಫೈಲು ಮುಗಿದಿತ್ತು. ತಕ್ಷಣ ಹಾರೋದು ನಿಲ್ಲಿಸಿ ಅಂತ ಹೇಳಿಸಿಕೊಂಡವರು ಸುಮಾರು 60 ಮಂದಿ. ನಿಜವಾಗಿ ಅಪಾಯ ಅನ್ನಿಸಿದವರು ಅಷ್ಟು ಕಡಿಮೆ, ಹೇಳೋಕೆ ಹೆದರಿದವರು ಅಷ್ಟು ಜಾಸ್ತಿ.

150 ಜೀವದ ಪಾಠ

ಎಲ್ಲಾ ಮುಚ್ಚಿಡುವಿಕೆಯೂ ಹೀಗೆ ಸುಖಾಂತ್ಯ ಆಗಲ್ಲ. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ಕಂಪನಿಯ ವಿಮಾನವನ್ನ ಅದರ ಸಹ ಪೈಲಟ್ ಫ್ರಾನ್ಸ್‌ನ ಆಲ್ಪ್ಸ್ ಬೆಟ್ಟಕ್ಕೆ ಬೇಕಂತಲೇ ಗುದ್ದಿಸಿದ. 150 ಜನ ಸತ್ತರು. ತೀವ್ರ ಮಾನಸಿಕ ಕಾಯಿಲೆಯಿಂದ ಬಳಲ್ತಿದ್ದ ಅವನಿಗೆ ಆಸ್ಪತ್ರೆ ಸೇರು ಅಂತ ಒಬ್ಬ ಡಾಕ್ಟರ್ ಎರಡು ವಾರ ಮೊದಲೇ ಹೇಳಿದ್ದರು. ಕಂಪನಿಗೆ ಮಾತ್ರ ಅದು ಗೊತ್ತಿರಲಿಲ್ಲ. ಅವನು ಹೇಳಲಿಲ್ಲ, ಡಾಕ್ಟರ್‌ಗಳು ರೋಗಿಯ ಗುಟ್ಟು ಅಂತ ಹೇಳಲಿಲ್ಲ.

ಫ್ರಾನ್ಸ್‌ನ ತನಿಖಾ ಸಂಸ್ಥೆ 2016ರ ಮಾರ್ಚ್‌ನಲ್ಲಿ ಕೊಟ್ಟ ವರದಿಯಲ್ಲಿ ಬರೀ ತಪಾಸಣೆ ಬಿಗಿ ಮಾಡಿ ಅಂತ ಹೇಳಿ ಮುಗಿಸಲಿಲ್ಲ. ಲೈಸೆನ್ಸ್ ಹೋದ್ರೆ ಸಂಪಾದನೆ ನಿಲ್ಲುತ್ತೆ, ಆ ಭಯ ಬಾಯಿ ಮುಚ್ಚಿಸುತ್ತೆ, ಆ ನಷ್ಟ ತಗ್ಗಿಸೋ ದಾರಿ ಹುಡುಕಿ ಅಂತಲೂ ಶಿಫಾರಸು ಮಾಡಿತು. ಸಹೋದ್ಯೋಗಿಗಳ ಹತ್ತಿರ ಗುಟ್ಟಾಗಿ ಕಷ್ಟ ಹೇಳಿಕೊಳ್ಳೋ ಗುಂಪುಗಳನ್ನ ಕಟ್ಟಿ ಅಂತ ಹೇಳಿತು. ಭಾರತದಲ್ಲಿ ಡಿಜಿಸಿಎ 2023ರ ಫೆಬ್ರವರಿಯಲ್ಲಿ ಪೈಲಟ್‌ಗಳ ಮಾನಸಿಕ ಆರೋಗ್ಯದ ಬಗ್ಗೆ ಸುತ್ತೋಲೆ ಹೊರಡಿಸಿ ಇದೇ ಥರದ ಸಹಾಯ ವ್ಯವಸ್ಥೆಯ ಮಾತಾಡಿತು.

ಇಷ್ಟು ತಿಳಿದುಕೊಳ್ಳೋಕೆ 150 ಜನ ಸಾಯಬೇಕಾಯ್ತು. ಕಾಯಿಲೆ ಹೇಳಿದವನ ಹೊಟ್ಟೆ ಮೇಲೆ ಹೊಡೆದ್ರೆ ಇನ್ನೊಬ್ಬ ಹೇಳಲ್ಲ.

ಹೇಳಿ ಹಾರಿದವರೂ ಇದ್ದಾರೆ

ಶುಗರ್ ಉದಾಹರಣೆ ತಗೊಳ್ಳಿ. ಇನ್ಸುಲಿನ್ ಚುಚ್ಚಿಕೊಳ್ಳೋರಿಗೆ ಐಕಾವೊ ಮಾನದಂಡದಲ್ಲಿ ಇವತ್ತಿಗೂ ಬರೆದಿರೋದು ಅನ್‌ಫಿಟ್ ಅಂತಲೇ. ಭಯ ಶುಗರ್ ಏರೋದರ ಮೇಲಲ್ಲ, ಇಳಿಯೋದರ ಮೇಲೆ. ಶುಗರ್ ಲೋ ಆದಾಗ ಕೈ ನಡುಗಿ, ಬೆವತು, ತಲೆ ಓಡದಂತಾಗುತ್ತೆ. ಕಿರಾಣಿ ಅಂಗಡಿ ಗಲ್ಲಾ ಮೇಲೆ ಕೂತವರಿಗೂ ಇದರ ಅನುಭವ ಇರುತ್ತೆ, ಬಾಯಿಗೆ ಒಂದು ಚೂರು ಬೆಲ್ಲ ಹಾಕಿಕೊಂಡು ಸುಧಾರಿಸಿಕೊಳ್ತಾರೆ.

ಆದ್ರೆ ವಿಶೇಷ ತೀರ್ಮಾನಕ್ಕೆ ದೇಶಗಳಿಗೆ ಅವಕಾಶ ಇದೆ. ಅಮೆರಿಕ 1996ರಿಂದಲೇ ಇನ್ಸುಲಿನ್ ತಗೊಳ್ಳೋ ಖಾಸಗಿ ಪೈಲಟ್‌ಗಳಿಗೆ ಷರತ್ತಿನ ಮೇಲೆ ಮೆಡಿಕಲ್ ಕೊಡೋಕೆ ಶುರುಮಾಡಿತು. ಬ್ರಿಟನ್ ವಾಯುಪಡೆಯ ಪೈಲಟ್ ಆಗಿದ್ದ ಡಗ್ಲಸ್ ಕೇರ್ನ್ಸ್, ಟೈಪ್ 1 ಶುಗರ್ ಬಂದು ಆ ಕೆಲಸ ಕಳಕೊಂಡವರು, ಅಮೆರಿಕದ ಲೈಸೆನ್ಸ್ ಪಡೆದು 2003ರಲ್ಲಿ ಸಣ್ಣ ವಿಮಾನದಲ್ಲಿ ಭೂಮಿಗೆ ಸುತ್ತು ಹಾಕಿ ಬಂದರು.

2012ರಲ್ಲಿ ಬ್ರಿಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇನ್ಸುಲಿನ್ ತಗೊಳ್ಳೋ ಕಮರ್ಷಿಯಲ್ ಪೈಲಟ್‌ಗಳಿಗೂ ದಾರಿ ಬಿಟ್ಟಿತು. ಷರತ್ತು ಟ್ರಾಫಿಕ್ ಸಿಗ್ನಲ್ ಥರ ಇದೆ. ಶುಗರ್ 90ರಿಂದ 270ರ ಒಳಗಿದ್ರೆ ಗ್ರೀನ್. ಅದರಾಚೆ ಹೋದ್ರೆ ಆಂಬರ್, ಏನಾದ್ರೂ ತಿನ್ನಬೇಕು ಇಲ್ಲ ಔಷಧಿ ತಗೋಬೇಕು. ರೆಡ್ ಬಂದ್ರೆ ಪಕ್ಕದ ಪೈಲಟ್‌ಗೆ ವಿಮಾನ ಒಪ್ಪಿಸಬೇಕು. ಹೊರಡೋ ಮುಂಚೆ ಒಂದು ಸಲ, ಹಾರೋವಾಗ ಗಂಟೆಗೊಂದು ಸಲ, ಇಳಿಯೋ ಅರ್ಧ ಗಂಟೆಯೊಳಗೆ ಇನ್ನೊಂದು ಸಲ ಬೆರಳು ಚುಚ್ಚಿ ನೋಡಬೇಕು. ಇಂಥ 49 ಪೈಲಟ್‌ಗಳ 38,621 ರೀಡಿಂಗ್‌ಗಳನ್ನ ತಜ್ಞರು ಲೆಕ್ಕ ಹಾಕಿ 2020ರಲ್ಲಿ ಪ್ರಕಟಿಸಿದ್ರು. ಸುಮಾರು 97.7 ಪರ್ಸೆಂಟ್ ಗ್ರೀನ್‌ನಲ್ಲೇ ಇತ್ತು. ಶುಗರ್‌ನಿಂದ ಕುಸಿದ ಪೈಲಟ್ ಒಬ್ಬರೂ ಇರಲಿಲ್ಲ.

2017ರ ಮೇ 1ರಿಂದ ಅಮೆರಿಕದಲ್ಲಿ ಬೇಸಿಕ್‌ಮೆಡ್ ಅನ್ನೋ ಪದ್ಧತಿಯೂ ಬಂತು. ಸಣ್ಣ ವಿಮಾನದ ಖಾಸಗಿ ಪೈಲಟ್‌ಗಳು ನಾಲ್ಕು ವರ್ಷಕ್ಕೊಮ್ಮೆ ತಮ್ಮ ಮಾಮೂಲಿ ಡಾಕ್ಟರ್ ಹತ್ತಿರ ತಪಾಸಣೆ, ಎರಡು ವರ್ಷಕ್ಕೊಮ್ಮೆ ಆನ್‌ಲೈನ್ ಕೋರ್ಸ್ ಮಾಡಿದ್ರೆ ಸಾಕು. ಹೃದಯ, ನರ, ಮನಸ್ಸಿಗೆ ಸಂಬಂಧಿಸಿದ ಕೆಲವು ಗಂಭೀರ ಕಾಯಿಲೆಗಳಿಗೆ ಮಾತ್ರ ಮೊದಲು ಒಮ್ಮೆ ವಿಮಾನಯಾನ ಇಲಾಖೆಯ ಅನುಮತಿ ಬೇಕು. ತನ್ನನ್ನ ಬಲ್ಲ ಡಾಕ್ಟರ್ ಮುಂದೆ ಮನುಷ್ಯ ಸುಳ್ಳು ಹೇಳೋದು ಕಡಿಮೆ ಅನ್ನೋ ನಂಬಿಕೆ ಇದರ ಹಿಂದಿದೆ.

ಹಾಗಂತ ತಪಾಸಣೆ ಎಲ್ಲವನ್ನೂ ಹಿಡಿಯುತ್ತೆ ಅಂತ ಅಲ್ಲ. 2023ರ ಆಗಸ್ಟ್ 17ರಂದು ನಾಗ್ಪುರ ಏರ್‌ಪೋರ್ಟ್‌ನಲ್ಲಿ, ಪುಣೆಗೆ ವಿಮಾನ ಹಾರಿಸಬೇಕಿದ್ದ ಏರ್‌ಲೈನ್ ಪೈಲಟ್ ಬೋರ್ಡಿಂಗ್ ಗೇಟ್ ಹತ್ತಿರವೇ ಹೃದಯಸ್ತಂಭನವಾಗಿ ಕುಸಿದು ಸತ್ತರು. ಏರ್‌ಲೈನ್ ಪೈಲಟ್ ಅಂದ್ಮೇಲೆ ಕ್ಲಾಸ್ 1 ಮೆಡಿಕಲ್ ದಾಟಿದವರೇ. ಅದಕ್ಕೇ ಆಕಾಶದಲ್ಲಿ ಎರಡನೇ ಕೈ ಅನ್ನೋದಕ್ಕೆ ಅಷ್ಟು ಬೆಲೆ.

ಸಣ್ಣ ವಿಮಾನದಲ್ಲಿ ಆ ಎರಡನೇ ಕೈ ಇರಲ್ಲ. 2022ರ ಮೇ 10ರಂದು ಬಹಾಮಾಸ್‌ನಿಂದ ಫ್ಲೋರಿಡಾಕ್ಕೆ ಹೊರಟಿದ್ದ ಸೆಸ್ನಾ ವಿಮಾನದಲ್ಲಿ ಪೈಲಟ್‌ಗೆ ಎದೆಯ ಮಹಾಪಧಮನಿ ಸೀಳಿ ಪ್ರಜ್ಞೆ ತಪ್ಪಿತು. ವಿಮಾನ ಹಾರಿಸಿ ಗೊತ್ತೇ ಇರದ ಪ್ರಯಾಣಿಕರೊಬ್ಬರು ಕಂಟ್ರೋಲ್ ಹಿಡಿದು, ಕೆಳಗಿದ್ದ ಏರ್ ಟ್ರಾಫಿಕ್ ಕಂಟ್ರೋಲರ್ ಹೇಳಿಕೊಟ್ಟ ಹಾಗೆ ಮಾಡ್ತಾ ಪಾಮ್ ಬೀಚ್‌ನಲ್ಲಿ ಇಳಿಸಿದ್ರು. ಪೈಲಟ್ ಕೂಡ ಬದುಕಿದ್ರು.

ದಾಸನಪುರದ ರಸ್ತೆಯಲ್ಲಿ

ಫ್ಲೋರಿಡಾದ ಆ ಕಥೆಗೆ ಹೋಲುವಂಥದ್ದು ತುಮಕೂರು ರಸ್ತೆಯಲ್ಲೂ ನಡೆದಿದೆ. 2024ರ ನವೆಂಬರ್ 6ರಂದು ನೆಲಮಂಗಲದಿಂದ ದಾಸನಪುರ ಕಡೆಗೆ ಬರ್ತಿದ್ದ ಬಿಎಂಟಿಸಿ ಬಸ್ಸಿನ ಡ್ರೈವರ್ ಓಡಿಸ್ತಾ ಓಡಿಸ್ತಾನೇ ಹೃದಯಾಘಾತದಿಂದ ಸೀಟಿನಲ್ಲೇ ವಾಲಿದ್ರು. ಬಸ್ಸು ಪಕ್ಕದ ಇನ್ನೊಂದು ಬಿಎಂಟಿಸಿ ಬಸ್ಸಿಗೆ ಸವರಿಕೊಂಡು ಮುಂದೆ ಹೋಯ್ತು. ಕಂಡಕ್ಟರ್ ಡ್ರೈವರ್ ಸೀಟಿನತ್ತ ಹಾರಿ, ಸ್ಟೀರಿಂಗ್ ಹಿಡಿದು ಬಸ್ಸು ನಿಲ್ಲಿಸಿದ್ರು. ಪ್ರಯಾಣಿಕರು ಉಳಿದ್ರು, ಡ್ರೈವರ್ ಉಳಿಯಲಿಲ್ಲ. ಆ ವಿಡಿಯೋ ಪೀಣ್ಯ, ಮಾದನಾಯಕನಹಳ್ಳಿ ಕಡೆ ಎಲ್ಲರ ವಾಟ್ಸಾಪ್‌ನಲ್ಲೂ ಓಡಾಡಿತು.

ಆ ಡ್ರೈವರ್ ಕಾಯಿಲೆ ಮುಚ್ಚಿಟ್ಟಿದ್ರು ಅಂತ ಯಾರೂ ಹೇಳೋ ಹಾಗಿಲ್ಲ. ದಿಢೀರ್ ಹೃದಯಾಘಾತ ಯಾರಿಗೂ ಆಗಬಹುದು. ಪ್ರಶ್ನೆ ಇರೋದು ಇನ್ನೊಂದು ಕಡೆ. ಅಲ್ಲಿ ಕಂಡಕ್ಟರ್ ಇದ್ದರು. ಟಾಟಾ ಏಸ್‌ನಲ್ಲಿ ಯಾರಿರ್ತಾರೆ? ರಾತ್ರಿ ಎರಡು ಗಂಟೆಗೆ ವೈಟ್‌ಫೀಲ್ಡ್ ಟೆಕ್ ಪಾರ್ಕಿನಿಂದ ಹೊರಡೋ ಕ್ಯಾಬ್‌ನಲ್ಲಿ, ಹದಿನೈದು ಮಕ್ಕಳ ವ್ಯಾನಿನಲ್ಲಿ ಎರಡನೇ ಕೈ ಯಾರದ್ದು?

ಹಾಗಿದ್ರೆ ನೆಲದ ಮೇಲಿನ ಮೆಡಿಕಲ್ ಹೇಗಿದೆ? ಡ್ರೈವಿಂಗ್ ಲೈಸೆನ್ಸ್‌ಗೆ ಫಾರ್ಮ್ 1 ಅಂತ ಸ್ವಂತ ಘೋಷಣೆ ಇದೆ. ಮೂರ್ಛೆರೋಗ ಇದೆಯಾ, ದಿಢೀರ್ ಪ್ರಜ್ಞೆ ತಪ್ಪೋದು, ತಲೆಸುತ್ತೋದು ಇದೆಯಾ ಅಂತ ಕೇಳುತ್ತೆ. 40 ದಾಟಿದವರಿಗೆ ಮತ್ತು ಟ್ರಾನ್ಸ್‌ಪೋರ್ಟ್ ವಾಹನದವರಿಗೆ ಫಾರ್ಮ್ 1ಎ, ಅಂದ್ರೆ ಡಾಕ್ಟರ್ ಸರ್ಟಿಫಿಕೇಟ್ ಬೇಕು. ಟ್ರಾನ್ಸ್‌ಪೋರ್ಟ್ ಲೈಸೆನ್ಸ್ ಐದು ವರ್ಷಕ್ಕೊಮ್ಮೆ ರಿನ್ಯೂ. ಯಶವಂತಪುರದ ಕೆಎ-04 ಇರಲಿ, ಕೆ.ಆರ್. ಪುರದ ಕೆಎ-53, ಎಲೆಕ್ಟ್ರಾನಿಕ್ ಸಿಟಿಯ ಕೆಎ-51, ನೆಲಮಂಗಲದ ಕೆಎ-52 ಇರಲಿ, ಕಾಗದ ಒಂದೇ.

ಆ ಫಾರ್ಮ್‌ನಲ್ಲಿ ಹೌದು ಅಂತ ಟಿಕ್ ಹಾಕಿದವರನ್ನ ಯಾರಾದ್ರೂ ಕಂಡಿದ್ದಾರಾ? ಹಾಕಲ್ಲ, ಯಾಕಂದ್ರೆ ಟಿಕ್ ಹಾಕಿದ್ಮೇಲೆ ಮುಂದಿನ ದಾರಿ ಇಲ್ಲ. ಬ್ರಿಟನ್‌ನಲ್ಲಿ ಮೂರ್ಛೆರೋಗದವರು ಒಂದು ವರ್ಷ ಫಿಟ್ಸ್ ಬರದೆ ಇದ್ರೆ ಕಾರು ಓಡಿಸಬಹುದು. ನಮ್ಮಲ್ಲಿ ಕಾಯಿಲೆ ಇದೆ ಅಂದ್ರೆ ಲೈಸೆನ್ಸ್ ಇಲ್ಲ, ಅಲ್ಲಿಗೆ ಮುಗೀತು. ಪೈಲಟ್‌ಗಳಿಗಿರೋ ತಾತ್ಕಾಲಿಕ ಅನ್‌ಫಿಟ್, ಷರತ್ತಿನ ಮೇಲೆ ಫಿಟ್ ಅನ್ನೋ ನಡುವಿನ ಮೆಟ್ಟಿಲುಗಳು ಡ್ರೈವರ್‌ಗಿಲ್ಲ. ಪರಿಣಾಮ, ಮಾತ್ರೆ ನುಂಗೋನೂ ಸುಮ್ಮನಿರ್ತಾನೆ, ಮಾತ್ರೆ ಬಿಟ್ಟೋನೂ ಸುಮ್ಮನಿರ್ತಾನೆ. ಇಬ್ಬರಲ್ಲಿ ಯಾರು ಅಪಾಯ ಅಂತ ಹೊರಗಿನವರಿಗೆ ತಿಳಿಯಲ್ಲ.

ಬಾಯಿಬಿಡೋಕೆ ಆಗೋ ಖರ್ಚು

ಪಿಪಿಎಲ್ ಇರೋ ಪೈಲಟ್ ಆರು ತಿಂಗಳು ಹಾರದಿದ್ರೆ ಕಳಕೊಳ್ಳೋದು ಹವ್ಯಾಸ. ಅಷ್ಟಕ್ಕೇ ಕೂಪರ್ ಹತ್ತು ವರ್ಷ ಸುಳ್ಳು ಬರೆದ್ರು. ಇನ್ನು ಗಾಡಿಗೆ ಇಎಂಐ ಕಟ್ಟೋ, ದಿನದ ಬಾಡಿಗೆ ಮೇಲೆ ಮನೆ ನಡೆಸೋ ಡ್ರೈವರ್ ಎದೆನೋವು ಬಂದ್ರೂ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಗಾಡಿ ಹತ್ತಿದ್ರೆ ಅದರಲ್ಲಿ ಆಶ್ಚರ್ಯ ಏನಿದೆ?

ಇಲ್ಲಿ ಮಾಲೀಕರ ಪಾತ್ರ ದೊಡ್ಡದು, ಅವರು ಒಂದೇ ಗಾಡಿ ಇಟ್ಟುಕೊಂಡ ಅಂಗಡಿಯವರಾದ್ರೂ ಸರಿ. ಮೊದಲನೇದು, ಇಎಸ್‌ಐ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರೋ, ಇಎಸ್‌ಐ ಕಟ್ಟೋ ಕಾರ್ಮಿಕರಿಗೆ ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ಕೂಲಿಯ 70 ಪರ್ಸೆಂಟ್ ಸಿಗುತ್ತೆ. ಅದಕ್ಕೆ ಹಿಂದಿನ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು. ಪೀಣ್ಯ, ಬೊಮ್ಮಸಂದ್ರದ ಎಷ್ಟೋ ಡ್ರೈವರ್‌ಗಳಿಗೆ ಕಾರ್ಡ್ ಇರುತ್ತೆ, ಈ ಹಕ್ಕು ಗೊತ್ತಿರಲ್ಲ. ಕಾರ್ಡೇ ಮಾಡಿಸಿಕೊಡದ ಮಾಲೀಕರು, ಡ್ರೈವರ್ ಕಾಯಿಲೆ ಮುಚ್ಚಿಟ್ಟ ಅಂತ ಬೈಯೋದರಲ್ಲಿ ಅರ್ಥ ಇಲ್ಲ.

ಎರಡನೇದು, ನಡುವಿನ ಮೆಟ್ಟಿಲು. ಬಿಪಿ, ಶುಗರ್ ಹದಕ್ಕೆ ಬರೋ ತನಕ ನಾಲ್ಕು ವಾರ ಗೋಡೌನ್ ಕೆಲಸ, ಲೋಡಿಂಗ್ ಲೆಕ್ಕ, ಹಗಲು ಪಾಳಿ ಕೊಡೋದು ಯಾವ ಕಾನೂನೂ ಇಲ್ಲದೆ ಆಗೋ ಕೆಲಸ. ಆ ನಾಲ್ಕು ವಾರ ಆದ್ಮೇಲೆ ಗಾಡಿ ವಾಪಸ್ ನಿನಗೇ ಅಂತ ಮಾಲೀಕ ಮೊದಲೇ ಹೇಳಿದ್ರೆ ಡ್ರೈವರ್ ಬಾಯಿ ತಾನಾಗೇ ತೆರೆಯುತ್ತೆ. ತಾತ್ಕಾಲಿಕ ಅನ್‌ಫಿಟ್ ಅಂದ್ರೆ ಇದೇ.

ಮೂರನೇದು, ತಪಾಸಣೆ. ನಮ್ಮ ಕ್ಲಿನಿಕ್‌ಗಳಲ್ಲಿ, ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಬಿಪಿ, ಶುಗರ್ ಉಚಿತವಾಗಿ ನೋಡ್ತಾರೆ. 2025ರ ಜುಲೈನಲ್ಲಿ ಹಾಸನದ ಹೃದಯಾಘಾತ ಸುದ್ದಿಗಳು ಬಂದಾಗ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದ್ರು. ಭಯ ಇಳಿದ ಮೇಲೆ ಸಾಲೂ ಕರಗಿತು. ವರ್ಷಕ್ಕೊಂದು ಸಲ, ವಾಹನದ ಇನ್ಶೂರೆನ್ಸ್ ಕಟ್ಟೋ ತಿಂಗಳಲ್ಲೇ, ಡ್ರೈವರ್ ದೇಹವನ್ನೂ ತೋರಿಸೋ ಪದ್ಧತಿ ಇಟ್ಟುಕೊಂಡ್ರೆ ಮರೆಯಲ್ಲ.

ಆಪ್ ಮೇಲೆ ಓಡೋ ಕ್ಯಾಬ್, ಡೆಲಿವರಿಯವರಿಗೆ ಇಎಸ್‌ಐ ಕೂಡ ಇಲ್ಲ. ಅವರಿಗಾಗಿ ರಾಜ್ಯ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತಾ ಕಾನೂನು ತಂದು, ಕಲ್ಯಾಣ ನಿಧಿಗೆ ಕಂಪನಿಗಳಿಂದ ಶುಲ್ಕ ವಸೂಲಿಗೆ ದಾರಿ ಮಾಡಿದೆ. ಕಾಯಿಲೆ ಬಿದ್ದು ಲಾಗಿನ್ ಆಗದ ದಿನಗಳಿಗೆ ಆ ನಿಧಿಯಿಂದ ಏನಾದ್ರೂ ಸಿಗುವಂತಾದ್ರೆ, ಜ್ವರದಲ್ಲಿ ಗಾಡಿ ಓಡಿಸೋರು ಕಡಿಮೆ ಆಗ್ತಾರೆ. ಯೂನಿಯನ್‌ಗಳು ಈಗಲೇ ಕೇಳಬೇಕಾದ ಮಾತು ಇದು.

ವಿಮಾನಪುರದ ಡಾಕ್ಟರ್ ಮುಂದೆ ಸ್ಟೆಂಟ್ ಹಾಕಿಸಿಕೊಂಡ ಪೈಲಟ್ ಫೈಲ್ ಬಿಚ್ಚಿ ತೋರಿಸೋದು, ತೋರಿಸಿದ್ಮೇಲೂ ಒಂದು ದಾರಿ ಇದೆ ಅಂತ ಗೊತ್ತಿರೋದರಿಂದ. ಆ ದಾರಿಗೆ ಎಷ್ಟೋ ತಿಂಗಳು ಹಿಡಿಯಬಹುದು, ಕೊನೆಗೆ ಉತ್ತರ ಇಲ್ಲ ಅಂತಲೂ ಬರಬಹುದು. ಆದ್ರೂ ಕೇಳೋ ಕಿವಿ ಒಂದಿದೆ. ತುಮಕೂರು ರಸ್ತೆಯಲ್ಲಿ, ಹೊಸೂರು ರಸ್ತೆಯಲ್ಲಿ ಸ್ಟೀರಿಂಗ್ ಹಿಡಿದವರಿಗೆ ಆ ಕಿವಿ ಸದ್ಯಕ್ಕೆ ಆರ್‌ಟಿಒ ಕೌಂಟರ್‌ನಲ್ಲಿ ಸಿಗಲ್ಲ. ಸಿಕ್ಕರೆ ಅವರ ಮಾಲೀಕರ ಹತ್ತಿರ, ಅವರ ಮನೆಯಲ್ಲಿ, ಅವರು ಮಾತ್ರೆ ಕೊಳ್ಳೋ ಮೆಡಿಕಲ್ ಸ್ಟೋರ್‌ನಲ್ಲಿ ಸಿಗಬೇಕು.